ಸೆಂಗೊನ್ ಏರಿಗೆ ಯಾವ ಗಾಡಿ

ನೆನೆಸಿದ ಅಕ್ಕಿಯ ಜೊತೆ ಹಸಿ ಕಚೋರ ನುರಿಯುವಾಗ ಏಳುವ ವಾಸನೆಯಿಂದಲೇ ವಾರ್ಸಿತಿಯ ಬಾಲ್ಯದ ಬೆಳಗುಗಳೆಲ್ಲ ಶುರುವಾಗುತ್ತಿದ್ದವು. ಕೋಳಿ ಕೂಗುವ ಮೊದಲೇ ಅವಳ ಅಮ್ಮ ಒರಳಿನ ಮುಂದೆ ಕೂತಿರುತ್ತಿದ್ದಳು. ಶುಂಠಿಯಷ್ಟು ಖಾರವಲ್ಲದ, ಕರ್ಪೂರದಷ್ಟು ತಣ್ಣಗೂ ಅಲ್ಲದ ಆ ವಾಸನೆ ಅಮ್ಮನ ಕೂದಲಿಗೆ, ಹೆಗಲ ಬಟ್ಟೆಗೆ, ಬೆರಳ ಸಂದಿಗೆ ಹತ್ತಿಬಿಟ್ಟಿತ್ತು. ಎಂಟು ಸೀಸೆಗಳ ಬುಟ್ಟಿಯನ್ನು ಬೆನ್ನಿಗೆ ಬಿಗಿದುಕೊಂಡು ಅಮ್ಮ ಹೊರಟುಹೋದ ಮೇಲೂ ವಾಸನೆ ಚಾಪೆಯ ಮೇಲೆ ಉಳಿದಿರುತ್ತಿತ್ತು. ಮಗು ವಾರ್ಸಿತಿ ಅದರೊಳಗೆ ಮುಖ ಹುದುಗಿಸಿ ಇನ್ನೊಂದು ನಿದ್ದೆ ತೆಗೆಯುತ್ತಿದ್ದಳು.

ಈಗ ಐವತ್ತಾರು ದಾಟಿದ ವಾರ್ಸಿತಿಯೂ ಜಾಮು ಎಂಬ ಬೇರುನಾರಿನ ಕಷಾಯ ಮಾರುವವಳೇ. ಅದೇ ಕಷಾಯ, ಅದೇ ಎಂಟು ಸೀಸೆ, ಸೀಸೆಯ ಬಾಯಿಗೆ ಅದೇ ಬಾಳೆಯೆಲೆಯ ಸುರುಳಿ. ಅಮ್ಮ ನಡೆದ ದಾರಿಯನ್ನು ಮಗಳು ಸ್ಕೂಟರಿನಲ್ಲಿ ಸುತ್ತುತ್ತಾಳೆ ಎನ್ನುವುದಷ್ಟೇ ವ್ಯತ್ಯಾಸ. ಸ್ಕೂಟರಿನಲ್ಲಿ ಕಾಲಿಡುವ ಚಪ್ಪಟೆ ಜಾಗದಲ್ಲಿ ಬುಟ್ಟಿ ನಿಂತಿರುತ್ತದೆ, ಅದನ್ನು ಎರಡು ಮೊಣಕಾಲುಗಳ ನಡುವೆ ಮಗುವಿನ ಹಾಗೆ ಹಿಡಿದುಕೊಳ್ಳುತ್ತಾಳೆ. ಕೆಳಗಿನ ಊರಿನಲ್ಲಿ ನಲವತ್ತು ಮನೆ. ಗೇಟಿನ ಮುಂದೆ ನಿಲ್ಲಿಸಿ, ಒಂದು ಕಾಲು ನೆಲಕ್ಕೂರಿ, ಕೂತಲ್ಲಿಂದಲೇ ಬಗ್ಗಿ ಸುರಿದು ಕೊಡುತ್ತಾಳೆ. ಮೊದಲು ನೆಲಬೇವಿನ ಕಹಿ, ಆಮೇಲೆ ಕಹಿ ತೊಳೆಯಲು ಕಚೋರದ ಸಿಹಿ ಅಥವಾ ಅರಿಶಿನ ಹುಣಸೆಯದು. ಆ ಕ್ರಮವನ್ನು ಯಾರೂ ತಪ್ಪಿಸುವುದಿಲ್ಲ. ಕಹಿ ಕುಡಿಸಿ ಸಿಹಿ ಕೊಡದೆ ಹೋದವಳನ್ನು ಜಾಮುವಿನವಳು ಎಂದು ಯಾರೂ ಕರೆಯುವುದೂ ಇಲ್ಲ.

ನಲವತ್ತು ಮನೆ ಮುಗಿದ ಮೇಲೆ ಸೆಂಗೊನ್. ಅದು ಗುಡ್ಡದ ಮೇಲಿನ ಕೇರಿ, ಹನ್ನೊಂದೇ ಮನೆ, ದಾರಿ ಮಾತ್ರ ಹಾವು ಬಿದ್ದುಕೊಂಡ ಹಾಗೆ. ಹನ್ನೊಂದು ಮನೆಗಾಗಿ ಅಷ್ಟು ಏರುವುದು ಹುಚ್ಚು ಎಂದು ಎಲ್ಲರೂ ಹೇಳುತ್ತಿದ್ದರು. ಆದರೆ ಅಲ್ಲಿ ಈಗ ಎಂದಾಹ್ ಎಂಬ ಬಾಣಂತಿ ಇದ್ದಳು. ಚೊಚ್ಚಲು. ಹಾಲು ಸಾಲದೆ ಮಗು ಅಳುತ್ತಿದ್ದಾಗ ವಾರ್ಸಿತಿ ಅವಳ ತಲೆ ನೇವರಿಸಿ, "ನಲವತ್ತು ದಿನ ತುಂಬೋವರೆಗೂ ದಿನಾ ಬಂದು ಕುಡಿಸ್ತೀನಿ, ಯೋಚ್ನೆ ಮಾಡ್ಬೇಡ" ಎಂದುಬಿಟ್ಟಿದ್ದಳು. ಇನ್ನೂ ಇಪ್ಪತ್ತೆರಡು ದಿನ ಬಾಕಿ ಇತ್ತು.

ಹಾಗಿರುವಾಗ ಒಂದು ಮಂಗಳವಾರ ಸೆಂಗೊನ್‌ನಿಂದ ಇಳಿಯುವಾಗ ಸುಟ್ಟ ವಾಸನೆ ಬಂತು. ಯಾರೋ ಕಸ ಸುಡುತ್ತಿದ್ದಾರೆ ಎಂದುಕೊಂಡಳು. ಮೂರನೆಯ ತಿರುವಿನಲ್ಲಿ ಬ್ರೇಕು ಹಿಡಿದರೆ ಹಿಡಿ ಮೆತ್ತಗೆ ಹ್ಯಾಂಡಲಿಗೇ ಬಂದು ಅಂಟಿತು. ಗಾಡಿ ನಿಲ್ಲಲಿಲ್ಲ. ಬಾಯಿಂದ ಕೂಗೂ ಬರಲಿಲ್ಲ. ದಾರಿಯ ಬದಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಯಾರೋ ಒಬ್ಬ ಗಂಡಸು ಅವಳ ಮುಖ ನೋಡಿಯೇ ತಿಳಿದುಕೊಂಡಿರಬೇಕು, ಹೊರೆಯನ್ನು ದಡಬಡ ಚಕ್ರದ ಮುಂದಕ್ಕೆ ಉರುಳಿಸಿದ. ಸ್ಕೂಟರು ಹುಲ್ಲಿಗೆ ಮೂತಿ ತೂರಿ ನಿಂತಿತು. ಮೂರು ಸೀಸೆ ಒಡೆದವು, ಅವಳಿಗೆ ಮೊಣಕೈ ತರಚಿತು, ಅಷ್ಟೇ. ಆತ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಎಲೆಯಲ್ಲಿ ಸುತ್ತಿ ಬದಿಗಿಟ್ಟ. ಆಕಳು ತಿನ್ನುವ ಹುಲ್ಲಲ್ಲವೇ ಎಂದ. ಬೈಯಲೂ ಇಲ್ಲ, ಹೆಸರೂ ಹೇಳಲಿಲ್ಲ.

ಮೆಕ್ಯಾನಿಕ್ ಜುಮಾದಿ ಚಕ್ರ ಬಿಚ್ಚಿ ನೋಡಿದ.

"ಯು, ಗಾಡೀದೇನೂ ತಪ್ಪಿಲ್ಲ," ಎಂದ. ಆ ಕಡೆಯಲ್ಲಿ ಜಾಮುವಿನ ಹೆಂಗಸರನ್ನೆಲ್ಲ ಯು ಎಂದೇ ಕರೆಯುವುದು, ಅಕ್ಕ ಎಂದ ಹಾಗೆ. "ಇದಕ್ಕೆ ಗೇರಿಲ್ಲ ನೋಡಿ. ಇಳಿಜಾರಲ್ಲಿ ಎಂಜಿನ್ನು ಹಿಡಿದು ನಿಲ್ಸಲ್ಲ. ಎಲ್ಲಾ ಭಾರ ಬ್ರೇಕ್ ಮೇಲೆ. ಅದು ಕಾಯುತ್ತೆ, ಕಾದ್ರೆ ಕೈ ಕೊಡುತ್ತೆ."

"ಹಂಗಾದ್ರೆ ಹೊಸ ಬ್ರೇಕ್ ಹಾಕಿ."

"ಹಾಕ್ತೀನಿ. ಅದೂ ಕಾಯುತ್ತೆ."

"ನಿಲ್ಸಿ ನಿಲ್ಸಿ ಇಳಿದ್ರೆ?"

"ಇಳೀಬಹುದು. ದಿನಾ ನೆನಪಿರುತ್ತಾ? ಒಂದಿನ ಮಳೆ ಬರುತ್ತೆ, ಒಂದಿನ ಅವಸರ ಇರುತ್ತೆ." ಅವನು ಅವಳ ಮೊಣಕೈ ನೋಡಿ, ಒಳಗೆ ಹೋಗಿ ಅಯೋಡಿನ್ ತಂದು ಅವಳ ಮುಂದೆ ಇಟ್ಟು ಮತ್ತೆ ಚಕ್ರದ ಕಡೆ ತಿರುಗಿದ. "ಸೆಂಗೊನ್‌ಗೆ ಹೋಗೋದೇ ಆದ್ರೆ ಕ್ಲಚ್ಚಿರೋ ಬೈಕ್ ಬೇಕು, ಯು. ಇಲ್ಲಾಂದ್ರೆ ಸೆಂಗೊನ್ ಬಿಡಬೇಕು."

ಆ ಸಂಜೆಯೇ ತಮ್ಮ ಸುಗಿಮಾನ್ ಬಂದ. ಅವನಿಗೆ ಕೆಲಸದ ಮಾಲೀಕರು ಓಡಾಡಲು ಪಿಕಪ್ ಕೊಟ್ಟಿದ್ದರು, ಅವನ ಬೈಕು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಅವನ ಹೆಂಡತಿ ಙತಿನಿಗೆ ಬೈಕು ಬಾರದು. ಸೋಮವಾರ ಶಾಲೆ ಶುರುವಾದರೆ ಇಬ್ಬರು ಮಕ್ಕಳನ್ನು ಬಿಟ್ಟುಬರಲು ಅವಳಿಗೆ ಸ್ಕೂಟರೇ ಆಗಬೇಕಿತ್ತು.

"ಬದಲಾಯಿಸ್ಕೊಳ್ಳೋಣ ಅಕ್ಕಾ. ನಿನ್ನ ಸ್ಕೂಟರ್ ಅವಳಿಗೆ, ನನ್ನ ಬೈಕ್ ನಿನಗೆ. ಮಕ್ಕಳ ಶಾಲೆ ದಾರಿ ಅಂಗೈ ಹಂಗೆ ಸಪಾಟು. ನಿಂಗೂ ಜೀವ ಉಳಿಯುತ್ತೆ."

"ನಾನು ಬೈಕ್ ಹತ್ತೋದಾ? ಜರಿ ಅಂಚಿನ ಲುಂಗಿ ಉಟ್ಕೊಂಡು?"

"ಒಳಗೆ ಪ್ಯಾಂಟ್ ಹಾಕ್ಕೋ. ನಿನ್ನ ಕಾಲು ನೋಡೋಕೆ ಯಾರೂ ಕಾದು ಕೂತಿಲ್ಲ."

"ಹುಚ್ಚು ಮುಂಡೇದೆ," ಎಂದು ಅವಳು ನಕ್ಕಳು.

"ಐದು ದಿನ ಓಡಿಸಿ ನೋಡು, ಬ್ರೇಕ್ ಹಾಕಿಸಿದ ಸ್ಕೂಟರ್ ಅಲ್ಲಿವರೆಗೆ ಅವಳ ಹತ್ರ ಇರಲಿ. ಭಾನುವಾರ ಹೇಳು. ಬೇಡ ಅಂದ್ರೆ ಬೇಡ. ಙತಿನಿಗೆ ಬೇರೆ ಏನಾದ್ರೂ ನೋಡ್ತೀನಿ."

ಬೇಡ ಎಂದರೆ ಅವಳಿಗೆ ಇನ್ನೇನು ನೋಡುತ್ತಾನೆ ಎಂಬುದು ವಾರ್ಸಿತಿಗೆ ಗೊತ್ತಿತ್ತು. ಏನೂ ಇಲ್ಲ. ಮಕ್ಕಳು ನಡೆಯಬೇಕು. ಅವನು ಅದನ್ನು ಬಾಯಿಬಿಟ್ಟು ಹೇಳದೆ ಹೋದದ್ದನ್ನೂ ಅವಳು ಗಮನಿಸಿದಳು.

ಮನಸ್ಸು ನಿಲ್ಲದಾಗ ಆ ಊರಿನವರು ಹೋಗುವುದು ದಾರ್ಮೊ ಅಜ್ಜನ ಹತ್ತಿರ. ಹುಟ್ಟಿದ ವಾರ, ಐದು ದಿನಕ್ಕೊಮ್ಮೆ ಸುತ್ತಿಬರುವ ಸಂತೆಯ ಲೆಕ್ಕದಲ್ಲಿ ಹುಟ್ಟಿದ ದಿನ ಎರಡನ್ನೂ ಕೂಡಿಸಿ, ಮದುವೆಗೆ, ಮನೆಗೆ, ಗಾಡಿಗೆ ಕೂಡಿಬರುತ್ತದೆಯೋ ಇಲ್ಲವೋ ಅವನು ಹೇಳುತ್ತಿದ್ದ. ವಾರ್ಸಿತಿ ಒಂದು ಸೀಸೆ ಕಚೋರದ ನೀರನ್ನು ಅವನ ಮುಂದಿಟ್ಟು ಕೂತಳು. ಅಜ್ಜ ಬೆರಳು ಮಡಚಿದ, ಬಿಡಿಸಿದ, ಚಾವಣಿ ನೋಡಿದ.

"ಬೈಕು ನಿನಗೆ ಕೂಡಿಬರುತ್ತೆ."

ವಾರ್ಸಿತಿಗೆ ಉಸಿರು ಸಡಿಲವಾಯಿತು. "ಅಂದ್ರೆ ಸ್ಕೂಟರ್ ಬೇಡ ಅಂತಾಯ್ತು."

"ಸ್ಕೂಟರೂ ಕೂಡಿಬರುತ್ತೆ."

"ಎರಡೂನಾ?"

"ಎರಡೂ ಒಳ್ಳೇದೇ. ನಿನ್ನ ಹುಟ್ಟಿದ ದಿನ ಅಂಥದ್ದು, ಮಗಳೇ. ಭಾಗ್ಯವಂತೆ."

"ಒಂದಾದ್ರೂ ಕೆಟ್ಟದ್ದು ಬರೋ ಹಾಗೆ ಇನ್ನೊಂದ್ಸಲ ಎಣಿಸಿ ಅಜ್ಜಾ!"

ಅಜ್ಜ ಹಲ್ಲಿಲ್ಲದ ಬಾಯಲ್ಲಿ ನಕ್ಕ. "ಇದುವರೆಗೆ ನನ್ನ ಹತ್ರ ಯಾರೂ ಕೆಟ್ಟದ್ದು ಕೇಳ್ಕೊಂಡು ಬಂದಿರ್ಲಿಲ್ಲ ಕಣಮ್ಮ."

ಬುಧವಾರ ಬುಟ್ಟಿಯಿಲ್ಲದೆ ಬೈಕನ್ನು ಮೈದಾನಕ್ಕೆ ಒಯ್ದಳು. ಸುಗಿಮಾನ್ ಪಕ್ಕದಲ್ಲಿ ಓಡುತ್ತಾ ಕೂಗುತ್ತಿದ್ದ. "ಕ್ಲಚ್ ಬಿಡು, ಬಿಡು, ಮೆಲ್ಲಗೆ! ಅಯ್ಯೋ ಅಕ್ಕಾ, ಕೋಳಿ ಕತ್ತು ಹಿಡ್ಕೊಂಡ ಹಂಗೆ ಹಿಡೀಬೇಡ!" ಬೈಕು ಜಿಗಿದು ನಿಂತಿತು, ಜಿಗಿದು ನಿಂತಿತು. ಸೀಟು ಎತ್ತರ. ಕಾಲು ಚಾಚಿದರೆ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೇಗೋ ಎರಡನೆಯ ಗೇರಿನವರೆಗೆ ಬಂದಳು. ಅಂದು ಬಾಣಂತಿಯ ಸೀಸೆಯನ್ನು ಸುಗಿಮಾನನೇ ಪಿಕಪ್ಪಿನಲ್ಲಿ ಸೆಂಗೊನ್‌ಗೆ ಮುಟ್ಟಿಸಿ ಬಂದ.

ಗುರುವಾರ ಬೈಕಿನಲ್ಲಿ ಖಾಲಿ ಬುಟ್ಟಿ ಕಟ್ಟಿಕೊಂಡು ಸೆಂಗೊನ್ ಏರಿ ಇಳಿದು ನೋಡಿದಳು. ಬಾಣಂತಿಯ ಕಷಾಯದ ಒಂದು ಸೀಸೆಯನ್ನು ಹೆಗಲ ಚೀಲದಲ್ಲಿ ಹಾಕಿಕೊಂಡಿದ್ದಳು. ಇಳಿಯುವಾಗ ಎರಡನೆಯ ಗೇರಿನಲ್ಲಿ ಬಿಟ್ಟಳು. ಬೈಕು ಗುರುಗುಟ್ಟುತ್ತಾ, ತುಂಬು ಗರ್ಭಿಣಿಯನ್ನು ಯಾರೋ ಸೊಂಟ ಹಿಡಿದು ಮೆಟ್ಟಿಲಿಳಿಸುವ ಹಾಗೆ ಅವಳನ್ನು ಇಳಿಸಿತು. ಮೂರನೆಯ ತಿರುವಿನಲ್ಲಿ ಬ್ರೇಕನ್ನು ಮುಟ್ಟಲೇ ಇಲ್ಲ. ಕೆಳಗೆ ಬಂದು ನಿಂತ ಮೇಲೆ ತಿಳಿಯಿತು, ಇಷ್ಟು ವರ್ಷ ಈ ದಾರಿಯನ್ನು ಹಲ್ಲು ಕಚ್ಚಿಕೊಂಡೇ ಇಳಿಯುತ್ತಿದ್ದೆ ಎಂದು. ದವಡೆ ಸಡಿಲವಾಗಿ ನೋಯುತ್ತಿತ್ತು.

ಇದೇ ಸರಿ ಎಂದುಕೊಂಡಳು.

ಶುಕ್ರವಾರ ಕೆಳಗಿನ ಊರಿನಲ್ಲಿ ಬುಟ್ಟಿ ಹಿಂದೆ ಕಟ್ಟಿಕೊಂಡು ಹೊರಟಾಗ ಅಷ್ಟೇ ಖಂಡಿತವಾಗಿ ಇದು ಸರಿಯಲ್ಲ ಎಂದುಕೊಂಡಳು. ಪ್ರತಿ ಗೇಟಿನಲ್ಲೂ ಇಳಿಯಬೇಕು, ಸ್ಟ್ಯಾಂಡ್ ಹಾಕಬೇಕು, ಹಿಂದಕ್ಕೆ ಹೋಗಿ ಸುರಿಯಬೇಕು, ಮತ್ತೆ ಕಾಲೆತ್ತಿ ಹತ್ತಬೇಕು. ಎಂಟನೆಯ ಮನೆಗೆ ಮಂಡಿ ಚುಳ್ಳೆಂದಿತು. ಹದಿನೈದನೆಯ ಮನೆಯಲ್ಲಿ ಲುಂಗಿಯ ಅಂಚು ಗೇರಿಗೆ ಸಿಕ್ಕಿತು.

"ಏನಿದು ಯು, ಪೊಲೀಸ್ ಕೆಲಸ ಸಿಕ್ತಾ?" ಎಂದು ಒಬ್ಬಳು ನಕ್ಕಳು.

"ಹೌದು, ಬೆಳಿಗ್ಗೆ ಕಹಿ ಕುಡೀದೆ ತಪ್ಪಿಸ್ಕೊಳ್ಳೋರ್ನ ಹಿಡಿಯೋಕೆ," ಎಂದಳು ವಾರ್ಸಿತಿ. ನಗು ಬಂತಾದರೂ ಮಂಡಿ ನಗಲಿಲ್ಲ.

ಆದರೆ ಇಪ್ಪತ್ತನೆಯ ಮನೆಯ ಹೊತ್ತಿಗೆ ಇನ್ನೊಂದು ನಡೆಯಿತು. ಮುಂದಿನ ಗೇಟಿನಲ್ಲಿ ಹೆಂಗಸರು ತಾವೇ ಲೋಟ ಹಿಡಿದು ರಸ್ತೆಗೆ ಬಂದು ನಿಂತಿದ್ದರು. ಅದರ ಮುಂದಿನ ಮನೆಯವಳು ಸೀಸೆಯನ್ನು ತಾನೇ ಎತ್ತಿಕೊಂಡು ಸುರಿದುಕೊಂಡಳು, ಪಕ್ಕದ ಮನೆಯವಳಿಗೂ ಸುರಿದಳು. ಯಾರೂ ಯಾರಿಗೂ ಹೇಳಿದ ಹಾಗಿರಲಿಲ್ಲ. ವಾರ್ಸಿತಿ ಇಳಿಯದೆಯೇ ಆರು ಮನೆ ದಾಟಿದಳು. ಹಾಗಾದರೆ ಬೈಕೂ ಆಗಬಹುದೇನೋ ಎನಿಸಿತು. ಮರುಕ್ಷಣವೇ, ಪಾಪ, ಎಷ್ಟು ದಿನ ಹೀಗೆ ನಿಂತಾರು, ಒಂದು ವಾರವೇ, ತಿಂಗಳೇ, ಅವರಿಗೂ ಒಲೆಯ ಮೇಲೆ ಅನ್ನ ಇರುವುದಿಲ್ಲವೇ ಎನಿಸಿತು.

ಬುಟ್ಟಿ ಮನೆಯಲ್ಲಿಟ್ಟು, ಬಾಣಂತಿಯ ಸೀಸೆಯೊಂದನ್ನೇ ಸೆಂಗೊನ್‌ಗೆ ಮುಟ್ಟಿಸಿ ಬಂದ ಮೇಲೆ, ಸೋಲೊ ಪಟ್ಟಣದಲ್ಲಿರುವ ಮಗಳು ರೆತ್ನೊಗೆ ಫೋನು ಮಾಡಿದಳು.

"ಅಮ್ಮಾ, ಎರಡೂ ಬೇಡ. ಸೆಂಗೊನ್ ಬಿಡು. ಸ್ಕೂಟರ್ ಇಟ್ಕೋ, ಕೆಳಗಿನ ಊರು ಸಾಕು."

"ಬಾಣಂತಿಗೆ ಮಾತು ಕೊಟ್ಟಿದೀನಲ್ಲೇ."

"ಅವಳು ಅರ್ಥ ಮಾಡ್ಕೋತಾಳೆ."

"ಅವಳು ಮಾಡ್ಕೋತಾಳೆ. ಅವಳ ಕೂಸು ಮಾಡ್ಕೋಬೇಕಲ್ಲ."

"ನೀನು ಕೇಳೋದು ನನ್ನ, ಕೇಳ್ಕೊಳ್ಳೋದು ಮಾತ್ರ ನಿನ್ನ ಮಾತು," ಎಂದು ಮಗಳು ಸಿಡುಕಿದಳು. ಆಮೇಲೆ, "ಮಂಡಿಗೆ ಎಣ್ಣೆ ಹಚ್ಕೊಂಡ್ಯಾ?" ಎಂದು ಕೇಳಿದಳು.

ಸ್ಕೂಟರು ಎಂದರೆ ನಲವತ್ತು ಮನೆ ಸಲೀಸು, ಗುಡ್ಡ ಮೃತ್ಯು. ಬೈಕು ಎಂದರೆ ಗುಡ್ಡ ಸಲೀಸು, ನಲವತ್ತು ಮನೆ ಮಂಡಿಗೆ ಯಮಯಾತನೆ. ಸ್ಕೂಟರು ಇಟ್ಟುಕೊಂಡರೆ ತಮ್ಮನ ಮಕ್ಕಳು ನಡೆಯಬೇಕು, ಕೊಟ್ಟರೆ ತಾನು ಹತ್ತಿಳಿಯಬೇಕು. ಶುಕ್ರವಾರ ಸಂಜೆ ಅವಳು ಅಕ್ಕಿ ಆರಿಸುತ್ತಾ, ಬಿಳಿಯ ಕಾಳು ಬಂದರೆ ಬೈಕು, ಕಲ್ಲು ಬಂದರೆ ಸ್ಕೂಟರು ಎಂದು ಮಕ್ಕಳ ಹಾಗೆ ಆಟ ಕಟ್ಟಿದಳು. ಅಕ್ಕಿಯಲ್ಲಿ ಬಿಳಿಯ ಕಾಳಲ್ಲದೆ ಇನ್ನೇನು ಬರುತ್ತದೆ ಎಂದು ಹೊಳೆದು ತನ್ನ ಮೇಲೆಯೇ ಸಿಟ್ಟಾದಳು.

ಆ ಸಿಟ್ಟಿನಲ್ಲಿಯೇ ತಪ್ಪಾದದ್ದು. ಬೈಕಿನಲ್ಲಿ ಹೊರಡಲು ಹೊತ್ತು ಹಿಡಿಯುತ್ತದೆ, ಬೆಳಿಗ್ಗೆ ಅವಸರವಾಗುವುದು ಬೇಡ ಎಂದು ಕಚೋರದ ನೀರು, ಅರಿಶಿನ ಹುಣಸೆಯ ನೀರು ಎರಡನ್ನೂ ಸಂಜೆಯೇ ತಾಳೆಬೆಲ್ಲ ಹಾಕಿ ಕಲಸಿಟ್ಟಳು. ಹಿಂದಿನ ಬುಟ್ಟಿಯಲ್ಲಿ ಸೀಸೆಗಳು ವಾಲುತ್ತವೆ, ಬಾಳೆಯೆಲೆಯ ಸುರುಳಿ ಸೋರುತ್ತದೆ ಎಂದು ಎಲ್ಲವನ್ನೂ ಪ್ಲಾಸ್ಟಿಕ್ ಬಾಟಲಿಗೆ ಸುರಿದು ಮುಚ್ಚಳ ತಿರುವಿ ಬಿಗಿದಳು. ಬಿಗಿದದ್ದು ಸಾಲದೆಂದು ಬಟ್ಟೆ ಹಿಡಿದು ಇನ್ನೊಂದು ಸುತ್ತು ಬಿಗಿದಳು. ಜಾಮು ಉಸಿರಾಡಬೇಕು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಎಲೆಯ ಸುರುಳಿ ಇರುವುದೇ ಅದಕ್ಕೆ. ಆದರೆ ತಲೆ ತುಂಬ ಗಾಡಿಗಳೇ ಓಡುತ್ತಿದ್ದಾಗ ಸೀಸೆಗಳಿಗೆ ಜಾಗವಿರಲಿಲ್ಲ.

ಶನಿವಾರ ಕೆಳಗಿನ ಊರಿಗೆ ರಜೆ ಹೇಳಿ, ನೇರವಾಗಿ ಸೆಂಗೊನ್‌ಗೆ ಹೊರಟಳು. ಮೊದಲ ಸಲ ತುಂಬಿದ ಬುಟ್ಟಿಯ ಜೊತೆ ಏರುವುದು. ಬಿಸಿಲು ಚುರುಗುಡುತ್ತಿತ್ತು. ಬುಟ್ಟಿಯ ಒಂದು ಬದಿ ಸೈಲೆನ್ಸರಿಗೆ ಒರಗಿದ್ದನ್ನು ಅವಳು ನೋಡಿರಲಿಲ್ಲ. ಮೂರನೆಯ ತಿರುವು ದಾಟಿದ್ದಳಷ್ಟೆ, ಬೆನ್ನ ಹಿಂದೆ ಪಟ್ಟೆಂದು ಸಿಡಿಯಿತು.

ಟೈರು ಹೋಯಿತು ಎಂದುಕೊಂಡಳು. ಮತ್ತೆ ಪಟ್. ಎರಡು ಟೈರೂ ಹೋದವು ಎಂದುಕೊಂಡಳು. ಮೂರನೆಯ ಸಲ ಪಟ್ ಎಂದಾಗ, ಬೈಕಿಗೆ ಮೂರು ಟೈರು ಇರುವುದಿಲ್ಲವಲ್ಲ ಎಂದು ಗೊಂದಲವಾಗಿ ನಿಲ್ಲಿಸಿದಳು. ಅಷ್ಟರಲ್ಲಿ ಬೆನ್ನಿನ ಮೇಲೆ ಬೆಚ್ಚಗಿನದೇನೋ ಹರಿಯುತ್ತಿತ್ತು. ರಕ್ತವೇ ಎಂದು ಕೈಯಿಟ್ಟು ನೋಡಿದರೆ ಹಳದಿ. ಸಂಜೆಯಿಂದ ಬೆಲ್ಲದಲ್ಲಿ ಹುಳಿತು, ಬಿಸಿಯಲ್ಲಿ ಉಬ್ಬಿ, ಸಿಹಿಯ ಬಾಟಲಿಗಳೆಲ್ಲ ಮುಚ್ಚಳ ಹಾರಿಸಿಕೊಂಡು ಖಾಲಿಯಾಗಿದ್ದವು. ಬೆಲ್ಲವಿಲ್ಲದ ನೆಲಬೇವಿನ ಕಷಾಯ, ಬಾಣಂತಿಯ ಕಷಾಯ ಮಾತ್ರ ಏನೂ ಆಗದವರ ಹಾಗೆ ಕೂತಿದ್ದವು.

ಹಿಂತಿರುಗಿ ಹೋಗಿಬಿಡಲೇ ಎನಿಸಿತು. ಇಳಿಜಾರಿನಲ್ಲಿ ತಿರುಗಿಸಲು ಬಾರದು, ಅದಕ್ಕೇ ಮೇಲೆ ಹೋದಳು.

ಸೆಂಗೊನ್‌ನ ಹೆಂಗಸರು ಎಂದಿನ ಹಾಗೆ ಕಾರ್ಸಿ ಅಜ್ಜಿಯ ಜಗಲಿಯಲ್ಲಿ ಸೇರಿದ್ದರು. ಎಂದಾಹ್ ಆ ಅಜ್ಜಿಯ ಮೊಮ್ಮಗನ ಹೆಂಡತಿ.

"ಅಯ್ಯೋ ನಮ್ಮವ್ವಾ, ಯು ವಾರ್ಸಿ! ಮದುಮಗಳಿಗೆ ಅರಿಶಿನ ಹಚ್ಚೋರು ಮುಖಕ್ಕೆ ಹಚ್ತಾರೆ, ಬೆನ್ನಿಗಲ್ಲ!"

"ಯಾರನ್ನ ಕಟ್ಕೊಂಡೆ ಈ ವಯಸ್ಸಲ್ಲಿ?"

"ಬೈಕನ್ನ," ಎಂದಳು ವಾರ್ಸಿತಿ. ಖಾಲಿ ಬಾಟಲಿಯೊಂದನ್ನು ಎತ್ತಿ ತೋರಿಸಿದಳು. "ಸಿಹಿ ಎಲ್ಲಾ ಹೋಯ್ತು ಕಣ್ರೇ. ಕಹಿ ಒಂದೇ ಉಳಿದಿರೋದು. ಇವತ್ತು ಬೇಡ ಬಿಡಿ. ಎಂದಾಹ್‌ಗೆ ಮಾತ್ರ ಕುಡಿಸಿ ಹೋಗ್ತೀನಿ."

ಯಾರೋ ಒಬ್ಬಳು ಎದ್ದು ಅವಳ ಬೆನ್ನಿಗೆ ಒದ್ದೆ ಬಟ್ಟೆ ಒತ್ತಿದಳು. ಕಾರ್ಸಿ ಅಜ್ಜಿ ಕೈ ಚಾಚಿದಳು.

"ಕೊಡು ಇಲ್ಲಿ."

"ಬರೀ ಕಹಿ ಅಜ್ಜೀ. ಆಮೇಲೆ ಕೊಡೋಕೆ ಏನೂ ಇಲ್ಲ."

"ನಾನೇನು ಕೂಸಾ? ಸುರಿ."

ಅಜ್ಜಿ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಕುಡಿದಳು. ಮುಖ ಒಣಗಿದ ಹುಣಸೆಹಣ್ಣಿನಂತಾಯಿತು. ಬಾಯಿ ಒರೆಸಿಕೊಂಡು, "ಇವತ್ತು ಚೆನ್ನಾಗಿ ಕುದ್ದಿದೆ," ಎಂದಳು. ಆಮೇಲೆ ಪಕ್ಕದವಳು ಲೋಟ ಒಡ್ಡಿದಳು. ಅದರ ಪಕ್ಕದವಳೂ. ಒಬ್ಬೊಬ್ಬರ ಕಣ್ಣಲ್ಲೂ ನೀರು, ಆದರೂ ಒಬ್ಬರೂ ಥೂ ಎನ್ನಲಿಲ್ಲ. ಒಬ್ಬಳು ಬಾಳೆಗಿಡದ ಕಡೆ ತಿರುಗಿ ನಾಲಿಗೆ ಚಾಚಿ ಗಾಳಿ ಹಾಕಿಕೊಂಡು, ಮತ್ತೆ ತಿರುಗಿ ನಗುಮುಖದಲ್ಲಿ ಕೂತಳು. ಹನ್ನೊಂದು ಮನೆಯ ಲೋಟವೂ ಖಾಲಿಯಾಯಿತು. ವಾರ್ಸಿತಿ ಒಳಗೆ ಹೋಗಿ ಎಂದಾಹ್‌ಗೆ ಕುಡಿಸಿದಳು. ಆ ಹುಡುಗಿ ಸಿಹಿ ಕೇಳಲೇ ಇಲ್ಲ. ತೊಡೆಯ ಮೇಲಿನ ಕೂಸು ಹೊಟ್ಟೆ ತುಂಬಿ, ಮುಷ್ಟಿ ಬಿಚ್ಚಿಕೊಂಡು ಮಲಗಿತ್ತು.

ಹೊರಗೆ ಬಂದಾಗ ಕಾರ್ಸಿ ಅಜ್ಜಿ ಬೈಕಿನ ಕಡೆ ನೋಡುತ್ತಿದ್ದಳು.

"ಆವತ್ತು ನೀನು ಬಿದ್ದೆ ಅಂತ ಕೇಳಿದ್ಮೇಲೆ ನಮಗೆ ದಿನಾ ಇದೇ ಮಾತು. ಬರ್ಬೇಡ ಅಂತ ಹೇಳೋಣ ಅಂತ. ಹೇಳೋಕೆ ಯಾರಿಗೂ ಬಾಯಿ ಬರ್ಲಿಲ್ಲ, ನೋಡು. ಸ್ವಾರ್ಥ." ಅಜ್ಜಿ ತನ್ನ ಮಂಡಿ ಸವರಿಕೊಂಡಳು. "ಈಗ ಹೇಳ್ತೀನಿ. ನಾಳೆಯಿಂದ ಬರ್ಬೇಡ ಮಗಳೇ."

"ಬರ್ತೀನಿ," ಎಂದಳು ವಾರ್ಸಿತಿ.

"ಯಾವುದ್ರಲ್ಲಿ? ಆ ಸುಟ್ಟ ಸ್ಕೂಟರಲ್ಲಾ?"

"ಇದ್ರಲ್ಲೇ."

ಹೇಳಿದ ಮೇಲೆಯೇ ಅವಳ ಕಿವಿಗೆ ಅದು ಬಿದ್ದದ್ದು. ಬೇರೆ ಯಾರೋ ಹೇಳಿದ ಹಾಗೆ ಸುತ್ತ ನೋಡಿದಳು. ನಲವತ್ತು ಗೇಟುಗಳಲ್ಲಿ ಹೇಗೆ ಇಳಿದು ಹತ್ತುತ್ತೀಯೇ ಎಂದು ಮಂಡಿ ಕೇಳಿತು. ಬುಟ್ಟಿಯನ್ನು ಎಲ್ಲಿ ಕಟ್ಟುವುದು, ಸೀಸೆಗಳನ್ನು ವಾಲದ ಹಾಗೆ ನಿಲ್ಲಿಸುವುದು ಹೇಗೆ, ಲುಂಗಿಗೆ ಏನು ಮಾಡುವುದು, ಒಂದೂ ತಿಳಿಯದು. ಆದರೂ ಫೋನು ತೆಗೆದು ಙತಿನಿಗೆ ಮಾಡಿದಳು.

"ಸ್ಕೂಟರ್ ನಿನ್ನ ಹತ್ರಾನೇ ಇರಲಿ ಕಣೇ. ಸೋಮವಾರ ಮಕ್ಕಳ್ನ ಅದ್ರಲ್ಲೇ ಬಿಡು."

"ಅತ್ತಿಗೇ, ನಿಜವಾಗ್ಲೂ? ನಾಳೆವರೆಗೂ ಯೋಚ್ನೆ ಮಾಡಿ ಬೇಕಾದ್ರೆ."

"ಬೇಡ. ಯೋಚ್ನೆ ಮಾಡಿದ್ರೆ ಮತ್ತೆ ಬದಲಾಗುತ್ತೆ," ಎಂದು ಫೋನಿಟ್ಟಳು.

ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಒಲೆಯ ಕಡೆಗೆ ಎದ್ದುಹೋದರು. ವಾರ್ಸಿತಿ ಜಗಲಿಯ ಅಂಚಿನಲ್ಲಿ ಕೂತು ಖಾಲಿ ಬಾಟಲಿಗಳನ್ನು ಒರೆಸತೊಡಗಿದಳು. ಹೊಟ್ಟೆ ಹಸಿದದ್ದು ಆಗ ಗೊತ್ತಾಯಿತು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ.

ಎಂದಾಹ್‌ನ ಗಂಡ ಪಾರ್ನೊ ಹಿತ್ತಲಿನಿಂದ ಬಂದ. ಮಾತು ಕಡಿಮೆಯ ಹುಡುಗ, ಹೆಂಗಸರು ಇದ್ದಷ್ಟು ಹೊತ್ತೂ ಅವನ ಸದ್ದೇ ಇರಲಿಲ್ಲ. ತೇಗದ ಎಲೆಯಲ್ಲಿ ಸುತ್ತಿದ ಬಿಸಿ ಅನ್ನದ ಪೊಟ್ಟಣವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಎಲೆಯ ಮಡಿಕೆಯಿಂದ ಸೋಯಾ ಕಾಳಿನ ಹುರಿದ ತೆಂಪೆಯ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಅವಳ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ತೆಗೆದು ಕೆಳಗಿಟ್ಟ, ಆ ಜಾಗದಲ್ಲಿ ಪೊಟ್ಟಣವನ್ನು ಇಟ್ಟ, ಒಳಗೆ ಹೋದ.